ಕತ್ತು ನಿಲ್ಲದ ಕೂಸು



ಕೊಟ್ಟಿಗೆಯಲ್ಲಿ ಹಸು ಕರು ಹಾಕಿದಾಗ ನಾವು ಏನನ್ನು ನೋಡುತ್ತೇವೆ? ಕರು ಎದ್ದು ನಿಂತಿತೇ, ಕೆಚ್ಚಲಿಗೆ ಬಾಯಿ ಹಾಕಿತೇ ಎಂದು ನೋಡುತ್ತೇವೆ. ಹೊತ್ತು ಕಳೆದರೂ ಏಳದಿದ್ದರೆ ಮನೆಯ ಯಜಮಾನನಿಗೆ ಕಳವಳವಾಗುತ್ತದೆ; ಪಶುವೈದ್ಯರಿಗೆ ಹೇಳಿ ಕಳುಹಿಸುತ್ತಾನೆ. ಅದೇ ಮನೆಯ ತೊಟ್ಟಿಲಲ್ಲಿ ಐದು ತಿಂಗಳ ಕೂಸಿಗೆ ಕತ್ತು ನಿಲ್ಲದಿದ್ದರೆ, "ಇವನಪ್ಪನೂ ಎಲ್ಲಕ್ಕೂ ತಡವೇ ಕಣಮ್ಮ, ನಿಂತೀತು ಬಿಡು" ಎಂದು ಅಜ್ಜಿ ಹೇಳುತ್ತಾಳೆ, ಮನೆಯವರೆಲ್ಲ ಸುಮ್ಮನಾಗುತ್ತಾರೆ. ಮನುಷ್ಯನ ಕೂಸು ನಿಧಾನವಾಗಿ ಬೆಳೆಯುವುದರಿಂದ ಈ ತಾಳ್ಮೆ ಸಹಜವೇ. ಹೆಚ್ಚಿನ ಮಕ್ಕಳ ವಿಷಯದಲ್ಲಿ ಅಜ್ಜಿಯ ಮಾತು ನಿಜವೂ ಆಗುತ್ತದೆ. ಆದರೆ ಕೆಲವು ಮಕ್ಕಳ ವಿಷಯದಲ್ಲಿ ಹೀಗೆ ಕಾಯುತ್ತ ಕಳೆದ ತಿಂಗಳುಗಳನ್ನು ಆಮೇಲೆ ಎಷ್ಟು ಹಣ ಸುರಿದರೂ ಹಿಂದಕ್ಕೆ ತರಲಾಗುವುದಿಲ್ಲ. ಅಂತಹ ಮಕ್ಕಳ ಬಗೆಗೂ, ಅವರನ್ನು ನೋಡಿಕೊಳ್ಳಲು ಕಲಿಯುತ್ತಿರುವ ವಿದ್ಯಾರ್ಥಿಗಳ ಬಗೆಗೂ ಈ ಪಾಠ.

ಫಿಜಿಯೋಥೆರಪಿ ಕಾಲೇಜುಗಳ ಹುಡುಗ ಹುಡುಗಿಯರು ಶಿಬಿರಗಳಿಗೆಂದು ಹಳ್ಳಿಗಳಿಗೆ ಬರುವುದನ್ನು ನೀವು ನೋಡಿರಬಹುದು. ಮಂಡಿನೋವು, ಸೊಂಟನೋವು ಇರುವ ಹಿರಿಯರೇ ಅವರ ಮುಂದೆ ಸಾಲಾಗಿ ನಿಲ್ಲುತ್ತಾರೆ. ಹಿಂದಿನ ಕೋಣೆಯಲ್ಲಿ ಮಲಗಿಸಿರುವ ಕೂಸನ್ನು ಯಾರೂ ಹೊರಗೆ ತರುವುದಿಲ್ಲ. ಈ ವಿದ್ಯೆಯನ್ನು ಕಲಿಸುವವರ ಪೈಕಿ ನಾನೂ ಒಬ್ಬ. ನನ್ನ ಅನುಭವದಲ್ಲಿ, ಆ ಕೂಸನ್ನು ನೋಡದೆ ಹಿಂದಿರುಗಿದ ವಿದ್ಯಾರ್ಥಿಗೆ ಅರ್ಧ ಪಾಠ ತಪ್ಪಿದಂತೆಯೇ.

ಇದು ಎಂತಹ ಕಾಯಿಲೆ?

ಕೈಕಾಲು ಆಡಬೇಕಾದರೆ ಮಾಂಸಖಂಡ ಗಟ್ಟಿಯಾಗಿದ್ದರೆ ಸಾಲದು. ಅದಕ್ಕೆ ಮಿದುಳಿನಿಂದ ನರಗಳ ಮೂಲಕ ಅಪ್ಪಣೆ ಬರಬೇಕು. ಬೆಳೆಯುತ್ತಿರುವ ಮಿದುಳಿಗೆ ಹೆರಿಗೆಗೆ ಮುಂಚೆಯೋ, ಹೆರಿಗೆಯ ವೇಳೆಯಲ್ಲೋ, ಹುಟ್ಟಿದ ಕೆಲವು ಕಾಲದೊಳಗೋ ಪೆಟ್ಟು ಬಿದ್ದರೆ ಆ ಅಪ್ಪಣೆ ಏರುಪೇರಾಗುತ್ತದೆ. ಕೆಲವು ಮಕ್ಕಳ ಕೈಕಾಲು ಬಿಗಿಯಾಗುತ್ತವೆ, ಕೆಲವರದು ತಾವಾಗಿ ತಿರುಚಿಕೊಳ್ಳುತ್ತವೆ, ಕೆಲವರ ಮೈ ಸಡಿಲವಾಗಿ ಜೋಲುತ್ತದೆ. ಇದಕ್ಕೆ ಸೆರೆಬ್ರಲ್ ಪಾಲ್ಸಿ ಎಂದು ಹೆಸರು. ನಮ್ಮ ಸರ್ಕಾರದ ಕಾಗದಪತ್ರಗಳಲ್ಲಿ ಮಿದುಳಿನ ಪಾರ್ಶ್ವವಾಯು ಎಂದು ಬರೆಯುತ್ತಾರೆ. ಇಂಗ್ಲೆಂಡಿನ ಶಸ್ತ್ರವೈದ್ಯ ವಿಲಿಯಂ ಲಿಟಲ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ವಿವರಿಸಿದ್ದರಿಂದ ಬಹುಕಾಲ ಇದಕ್ಕೆ ಲಿಟಲ್‌ನ ರೋಗ ಎಂಬ ಹೆಸರೇ ಇತ್ತು. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಇಬ್ಬರು ಮೂವರಿಗೆ ಇದು ಬರುತ್ತದೆ. ಹೀಗೆ ನೋಡಿದರೆ ಒಂದು ಹೋಬಳಿಯಲ್ಲಿ ಇಂತಹ ಮಕ್ಕಳು ಇಲ್ಲವೆನ್ನುವಂತಿಲ್ಲ. ಇದ್ದರೂ ನಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೆ.

ಕಾರಣಗಳು ಹಲವು. ಕಾಲ ತುಂಬದೆ, ತೂಕವಿಲ್ಲದೆ ಹುಟ್ಟಿದ್ದು, ಹುಟ್ಟಿದಾಗ ಅಳದೆ ಉಸಿರು ಕಟ್ಟಿದ್ದು, ಮಿದುಳಿನ ಜ್ವರ, ಎಳಸಿನಲ್ಲಿ ಬಂದ ಕಾಮಾಲೆ ವಿಪರೀತಕ್ಕೆ ಏರಿದ್ದು. ಈ ಕಡೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಳೆಗೂಸಿನ ಕಾಮಾಲೆ ಬಹುಪಾಲು ತಾನಾಗಿ ಇಳಿಯುತ್ತದೆ. ಆದರೆ ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಥವಾ ಅಂಗೈ ಅಂಗಾಲಿಗೂ ಇಳಿದರೆ, ಆಸ್ಪತ್ರೆಯ ನೀಲಿ ಬೆಳಕಿನ ಕೆಳಗೆ ಮಲಗಿಸಿ ಇಳಿಸಬೇಕಾಗುತ್ತದೆ. ಹೊಟ್ಟೆಯ ಮೇಲೆ ಬರೆ ಹಾಕಿಸಿ ಮನೆಯಲ್ಲೇ ಉಳಿದುಕೊಂಡ ಒಂದೆರಡು ದಿನದಲ್ಲಿ ಆ ಹಳದಿ ಮಿದುಳಿಗೆ ಏರಿ ಜೀವಮಾನದ ಕುಂದನ್ನು ಉಳಿಸಿಬಿಡಬಹುದು. ಈ ಒಂದು ಕಾರಣವನ್ನಾದರೂ ತಡೆಯುವುದು ನಮ್ಮ ಕೈಯಲ್ಲಿಯೇ ಇದೆ.

ಇನ್ನೆರಡು ತಪ್ಪು ತಿಳಿವಳಿಕೆಗಳನ್ನು ಇಲ್ಲಿಯೇ ಬಿಡಿಸಿಬಿಡೋಣ. ಹಿರಿಯರು ಇಂತಹ ಕೂಸನ್ನು ಕಂಡೊಡನೆ ಪೋಲಿಯೋ ಎನ್ನುತ್ತಾರೆ. ನಮ್ಮ ದೇಶದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚಿಯಲ್ಲಿ ದೇಶವು ಪೋಲಿಯೋ ಮುಕ್ತವೆಂದು ಸಾರಲಾಯಿತು. ಆದುದರಿಂದ ಇಂದಿನ ಕೂಸಿನ ಕಾಲಿಗೆ ಬೇರೆ ಕಾರಣ ಹುಡುಕಬೇಕು. ಎರಡನೆಯದು, ಕೈಕಾಲು ಸರಿಯಿಲ್ಲದ ಮಗುವಿಗೆ ಬುದ್ಧಿಯೂ ಇಲ್ಲ ಎಂಬುದು. ಇದು ಅನ್ಯಾಯದ ಮಾತು. ಇಂತಹ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬುದ್ಧಿಯ ಕುಂದಿರುವುದಿಲ್ಲ. ಮೂವರಲ್ಲಿ ಇಬ್ಬರು ಆಸರೆಯೊಡನೆಯೋ ಆಸರೆಯಿಲ್ಲದೆಯೋ ನಡೆಯುತ್ತಾರೆ. ಮಾತು ತೊದಲಿದರೂ ಒಳಗೆ ಎಲ್ಲವೂ ಅರ್ಥವಾಗುವ ಮಗುವಿನ ಎದುರಿಗೇ, "ಇದಕ್ಕೇನು ತಿಳಿಯುತ್ತದೆ" ಎಂದು ನೆಂಟರು ಆಡುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ.

ಬೇಗ ಎಂದರೆ ಎಷ್ಟು ಬೇಗ?

ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ಇಂತಹ 657 ಮಕ್ಕಳನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಅಳೆದು ನೋಡಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕೂರುವುದು, ನಿಲ್ಲುವುದು, ನಡೆಯುವುದು ಮೊದಲಾದ ಚಲನೆಗಳಲ್ಲಿ ಒಂದು ಮಗು ಒಟ್ಟು ಎಷ್ಟು ಗಳಿಸಬಲ್ಲದೋ ಅದರಲ್ಲಿ ಶೇಕಡ 90ರಷ್ಟನ್ನು, ತೊಂದರೆ ಕಡಿಮೆಯಿರುವ ಮಕ್ಕಳು ಸುಮಾರು 5 ವರ್ಷದೊಳಗೆ ಗಳಿಸಿಬಿಟ್ಟಿದ್ದರು. ತೊಂದರೆ ಬಹಳ ಇರುವ ಮಕ್ಕಳು 3 ವರ್ಷ ತುಂಬುವ ಮೊದಲೇ ತಮ್ಮ ಮಟ್ಟವನ್ನು ಮುಟ್ಟಿದ್ದರು. ರಾಗಿಯ ಪೈರನ್ನು ಹದ ಮೀರಿದ ಮೇಲೆ ನಾಟಿ ಮಾಡಿ ಗೊಬ್ಬರ ಹೆಚ್ಚು ಹಾಕಿದರೆ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಐದಾರು ವರ್ಷದ ಮಗುವಿಗೆ ಮಾಡಬೇಕಾದ ಕೆಲಸ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಮಿದುಳು ಹೊಸ ದಾರಿಗಳನ್ನು ಸಲೀಸಾಗಿ ಕಟ್ಟಿಕೊಳ್ಳುವ ಕಾಲ ಮೊದಲಿನ ಎರಡು ಮೂರು ವರ್ಷ.

ಹಿಂದೆ ವೈದ್ಯರೂ ಒಂದು ಎರಡು ವರ್ಷದವರೆಗೆ ಕಾದು ನೋಡೋಣ ಎನ್ನುತ್ತಿದ್ದರು. ಆ ಮಾತಿಗೆ ಈಗ ಆಧಾರವಿಲ್ಲ. 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಪ್ರಕಟಿಸಿದ ಸೂಚನೆಗಳ ಪ್ರಕಾರ ಅನೇಕ ಮಕ್ಕಳಲ್ಲಿ ಆರು ತಿಂಗಳಿಗೆ ಮುಂಚೆಯೇ ಇದನ್ನು ಗುರುತಿಸಬಹುದು. ಕಾಲ ತುಂಬದೆ ಹುಟ್ಟಿದ ಕೂಸಿಗೆ ಈ ತಿಂಗಳುಗಳನ್ನು ಹೆರಿಗೆ ಆಗಬೇಕಾಗಿದ್ದ ದಿನದಿಂದ ಲೆಕ್ಕ ಹಾಕಬೇಕು. ರೋಗದ ಹೆಸರು ಖಚಿತವಾಗದಿದ್ದರೂ ಅನುಮಾನ ಬಲವಾಗಿದ್ದರೆ ಆರೈಕೆಯನ್ನು ಅಂದೇ ತೊಡಗಬೇಕು ಎಂಬುದೂ ಆ ಸೂಚನೆಗಳಲ್ಲಿದೆ.

ಗುರುತಿಸುವ ಬಗೆಗಳಲ್ಲಿ ಒಂದು ಬಹಳ ಸೊಗಸಾದದ್ದು. ಆಸ್ಟ್ರಿಯಾದ ಹೈಂಟ್ಸ್ ಪ್ರೆಕ್ಟಲ್ ಎಂಬ ವೈದ್ಯರು ತೋರಿಸಿಕೊಟ್ಟದ್ದು. ಸುಮಾರು ಮೂರರಿಂದ ಐದು ತಿಂಗಳ ಕೂಸು ಎಚ್ಚರವಾಗಿ, ಅಳದೆ, ಬೆನ್ನ ಮೇಲೆ ಮಲಗಿರುವಾಗ ಅದರ ಕತ್ತು, ಭುಜ, ಮಣಿಕಟ್ಟು, ಕಾಲುಗಳಲ್ಲೆಲ್ಲ ಸಣ್ಣ ಸಣ್ಣ ಚಲನೆಗಳು ಸುಳಿದಾಡುತ್ತಲೇ ಇರುತ್ತವೆ. ಗಾಳಿಗೆ ಜೋಳದ ಗರಿ ಅಲುಗಿದ ಹಾಗೆ. ಮಿದುಳಿಗೆ ಪೆಟ್ಟು ಬಿದ್ದಿರುವ ಹೆಚ್ಚಿನ ಮಕ್ಕಳಲ್ಲಿ ಈ ಸುಳಿದಾಟ ಇರುವುದಿಲ್ಲ. ಇದನ್ನು ನೋಡಲು ಯಾವ ಯಂತ್ರವೂ ಬೇಡ. ಮೂರು ನಾಲ್ಕು ನಿಮಿಷದ ಮೊಬೈಲ್ ಚಿತ್ರವಿದ್ದರೂ ತರಬೇತಿ ಪಡೆದವರು ನೋಡಿ ಹೇಳಬಲ್ಲರು. ಆದುದರಿಂದ ವಿದ್ಯಾರ್ಥಿಗಳಿಗೆ ನಾವು ಕಲಿಸುವ ಮೊದಲ ಪಾಠ, ಕೂಸನ್ನು ಮುಟ್ಟದಿರುವುದು. ಕೈಕಟ್ಟಿ ಕುಳಿತು ಸುಮ್ಮನೆ ನೋಡುವುದು. ನಾಲ್ಕು ವರ್ಷ ಓದಿ ಕೈಗೆ ಕೆಲಸ ಕೊಡಲು ಕಾತರಿಸುವ ಹುಡುಗರಿಗೆ ಇದು ಎಷ್ಟು ಕಷ್ಟ ಎಂದರೆ, ಒಂದು ನಿಮಿಷ ಕಳೆಯುವಷ್ಟರಲ್ಲಿ ಯಾರಾದರೊಬ್ಬರು ಗಿಲಕಿ ಆಡಿಸಿಬಿಡುತ್ತಾರೆ!

ಮನೆಯಲ್ಲಿ ಮೊದಲು ಕಾಣುವವರು

ಎರಡನೆಯ ಪಾಠ ಅಜ್ಜಿಯನ್ನು ಕೇಳುವುದು. ಬಚ್ಚಲಲ್ಲಿ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ದಿನವೂ ಎಣ್ಣೆ ನೀರು ಹಾಕುವವಳು ಆಕೆ. ಕೂಸಿನ ಬಿಗಿಯನ್ನು ಅವಳ ಕೈ ಬಲ್ಲಷ್ಟು ಬೇರೆ ಯಾರೂ ಬಲ್ಲವರಿಲ್ಲ. "ಅಜ್ಜಿ, ನೀರು ಹಾಕುವಾಗ ತೊಡೆ ಬಿಚ್ಚಲು ಬಿಗಿ ಅನ್ನಿಸುತ್ತದೆಯೇ?" ಎಂದು ವಿದ್ಯಾರ್ಥಿನಿ ಕೇಳಿದರೆ, "ಹೂಂ ಕಣವ್ವ, ಬಟ್ಟೆ ಕಟ್ಟಕ್ಕೇ ಆಗಲ್ಲ, ಕತ್ತರಿ ಹಾಕ್ಕೊಂಡಂಗೆ ಹಾಕ್ಕೋತದೆ" ಎಂದು ಉತ್ತರ ಬರುತ್ತದೆ. ಅಜ್ಜಿಗೆ ಎರಡು ತಿಂಗಳಿಂದ ಗೊತ್ತು. ಕೇಳಿದವರು ಇರಲಿಲ್ಲ.

ನೀವು ಗಮನಿಸಬೇಕಾದ ಗುರುತುಗಳೂ ಇಂತಹವೇ. ನಾಲ್ಕು ತಿಂಗಳು ತುಂಬಿದರೂ ಕತ್ತು ನಿಲ್ಲುವ ಲಕ್ಷಣವಿಲ್ಲ. ಮುಷ್ಟಿ ಬಿಚ್ಚುವುದಿಲ್ಲ, ಹೆಬ್ಬೆರಳು ಒಳಗೇ ಸಿಕ್ಕಿಕೊಂಡಿರುತ್ತದೆ. ಹಾಲು ಕುಡಿಯುವಾಗ ಪದೇ ಪದೇ ಉಸಿರು ಸಿಕ್ಕಿಕೊಳ್ಳುತ್ತದೆ. ಎತ್ತಿದರೆ ಮೈ ಬಿಲ್ಲಿನಂತೆ ಹಿಂದಕ್ಕೆ ಸೆಟೆಯುತ್ತದೆ. ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದು. ಇನ್ನೊಂದನ್ನು ತಾಯಂದಿರು ಹೆಮ್ಮೆಯಿಂದ ಹೇಳುವುದುಂಟು: "ನಮ್ಮ ಕೂಸು ಆಗಲೇ ಬಲಗೈಯಲ್ಲೇ ಎಲ್ಲ ಹಿಡೀತದೆ" ಎಂದು. ವರ್ಷ ತುಂಬುವ ಮೊದಲು ಮಗು ಎರಡು ಕೈಯನ್ನೂ ಸಮವಾಗಿ ಬಳಸಬೇಕು. ಒಂದೇ ಕೈ ಆಡುತ್ತಿದ್ದರೆ ಇನ್ನೊಂದು ಕೈಗೆ ಏನಾಗಿದೆ ಎಂದು ನೋಡಬೇಕು. ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಕಾಯಿಲೆಯೆಂದು ಹೆದರಬೇಕಾಗಿಲ್ಲ, ತೋರಿಸಬೇಕು, ಅಷ್ಟೆ.

ನಾನು ಕಲಿತ ಪಾಠ

ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ, ಬಿಗಿಯಾದ ಕಾಲನ್ನು ಎಳೆದು ಸಡಿಲಿಸುವುದೇ ಈ ವಿದ್ಯೆಯೆಂದು ತಿಳಿದಿದ್ದೆ. ಎರಡು ವರ್ಷದ ಒಬ್ಬ ಹುಡುಗನನ್ನು ಅವನ ತಾಯಿ ವಾರಕ್ಕೆ ಮೂರು ದಿನ ಎರಡು ಬಸ್ಸು ಬದಲಿಸಿ ಕರೆತರುತ್ತಿದ್ದಳು. ನಾನು ಅವನ ತೊಡೆಗಳನ್ನು ಹಿಡಿದು ಅಗಲಿಸುತ್ತಿದ್ದೆ, ಅವನು ಕಿರುಚುತ್ತಿದ್ದ. ಅತ್ತಷ್ಟೂ ಬಿಗಿಯುತ್ತಿದ್ದ. ತಾಯಿ ಗೋಡೆಯ ಕಡೆಗೆ ಮುಖ ಮಾಡಿಕೊಂಡು ನಿಲ್ಲುತ್ತಿದ್ದಳು. ಕಳೆ ಕೀಳುವ ಕಾಲಕ್ಕೆ ಬರುವುದು ನಿಂತುಹೋಯಿತು. ತಾಯಿಗೆ ಆಸ್ಥೆಯಿಲ್ಲ ಎಂದು ನಾನು ಚೀಟಿಯಲ್ಲಿ ಬರೆದೆ. ಆ ಸಾಲನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಕೆಲವು ತಿಂಗಳ ಮೇಲೆ ಬೇರೊಂದು ಕೆಲಸಕ್ಕೆ ಅವರ ಊರಿಗೆ ಹೋದಾಗ ಆ ಮನೆಗೂ ಹೋದೆ. ಅಜ್ಜಿ ಹುಡುಗನನ್ನು ಕಂಕುಳಲ್ಲಿ ಎತ್ತಿಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಅವನ ಒಂದು ಕಾಲು ಅವಳ ಹೊಟ್ಟೆಯ ಕಡೆ, ಇನ್ನೊಂದು ಬೆನ್ನಿನ ಕಡೆ. ನಾನು ಬಲವಂತದಿಂದ ಬಿಚ್ಚಲಾರದ ತೊಡೆಗಳು ತಾವಾಗಿ ಅಗಲವಾಗಿದ್ದವು. ಹಸುವಿನ ಕೊರಳ ಗಂಟೆಯನ್ನು ಮುಟ್ಟಲು ಅವನು ಮುಂದಕ್ಕೆ ಬಾಗಿ, ಬಾಗಿದ ಮೈಯನ್ನು ತಾನೇ ತಡೆದು ನಿಲ್ಲಿಸಿ, ಮುಷ್ಟಿ ಬಿಚ್ಚಿ ಕೈ ಚಾಚುತ್ತಿದ್ದ. ಆರು ತಿಂಗಳಿಂದ ನಾನು ಅವನಿಂದ ಮಾಡಿಸಲು ಹೆಣಗಿದ್ದೆಲ್ಲವೂ ಅಲ್ಲಿ ನಗುನಗುತ್ತ ನಡೆಯುತ್ತಿತ್ತು.

ಈ ವಿದ್ಯೆಯೇ ಇದೇ ದಾರಿಯಲ್ಲಿ ಸಾಗಿ ಬಂದಿದೆ. ಲಂಡನ್ನಿನ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿಗಳು 1940ರ ದಶಕದಿಂದ ರೂಢಿಸಿದ ಕ್ರಮವು ಮಗುವನ್ನು ನುರಿತ ಕೈಗಳಿಂದ ಹಿಡಿದು ಸರಿಯಾದ ಚಲನೆ ಮಾಡಿಸುವುದಕ್ಕೆ ಪ್ರಾಧಾನ್ಯ ಕೊಟ್ಟಿತು, ಲೋಕದಲ್ಲೆಲ್ಲ ಹಬ್ಬಿತು. ಆಸ್ಟ್ರೇಲಿಯದ ಅಯೋನಾ ನೋವಾಕ್ ಮತ್ತು ಸಂಗಡಿಗರು 2013ರಲ್ಲಿ ಎಲ್ಲ ಚಿಕಿತ್ಸೆಗಳ ಆಧಾರಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಇನ್ನೊಬ್ಬರು ಮಾಡಿಸಿದ ಚಲನೆಗಿಂತ ಮಗು ತನಗೆ ಬೇಕಾದದ್ದಕ್ಕಾಗಿ ತಾನೇ ಹೆಣಗಿ ಮಾಡಿದ ಚಲನೆಯೇ ಫಲ ಕೊಡುತ್ತದೆ, ಅದೂ ಮನೆಯಲ್ಲಿ ದಿನವೂ ನಡೆದರೆ, ಎಂಬುದು ಕಂಡುಬಂದಿತು. ಹೋರಿಗೆ ನೊಗ ಕಲಿಸುವವರು ಹೋರಿಯ ಕಾಲನ್ನು ತಾವು ಎತ್ತಿ ಇಡುವುದಿಲ್ಲವಷ್ಟೆ. ಹೀಗಿರುವಲ್ಲಿ ವಿದ್ಯಾರ್ಥಿಯ ಕೆಲಸ ಕಾಲು ಎಳೆಯುವುದಲ್ಲ. ಈ ಮಗುವಿಗೆ ಏನು ಬೇಕು, ಯಾವ ಭಂಗಿಯಲ್ಲಿ ಕೂರಿಸಿದರೆ ಅದಕ್ಕೆ ಕೈ ನಿಲುಕುತ್ತದೆ ಎಂದು ಕಂಡುಹಿಡಿದು ಮನೆಯವರಿಗೆ ತೋರಿಸಿಕೊಡುವುದು.

ಮನೆಯ ಕೆಲಸದೊಳಗೇ ಆರೈಕೆ

ತಾಯಿಗೆ ಹತ್ತು ವ್ಯಾಯಾಮಗಳ ಪಟ್ಟಿ ಬರೆದುಕೊಡುವ ವಿದ್ಯಾರ್ಥಿಗೆ ನಾನು ಕಡಿಮೆ ಅಂಕ ಕೊಡುತ್ತೇನೆ. ನಾಟಿಯ ದಿನಗಳಲ್ಲಿ ಆ ಪಟ್ಟಿ ಗೋಡೆಯ ಮೊಳೆಯಲ್ಲೇ ಉಳಿಯುತ್ತದೆ. ಹೇಗೂ ಮಾಡಲೇಬೇಕಾದ ಕೆಲಸಗಳೊಳಗೆ ಆರೈಕೆಯನ್ನು ಸೇರಿಸಬೇಕು.

ಎತ್ತಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಕಾಲು ಕತ್ತರಿಯಾಗುವ ಮಗುವನ್ನು ತೋಳಮೇಲೆ ಉದ್ದಕ್ಕೆ ಮಲಗಿಸಿಕೊಂಡರೆ ಬಿಗಿ ಹೆಚ್ಚುತ್ತದೆ, ಕಣ್ಣಿಗೆ ಸೂರು ಮಾತ್ರ ಕಾಣುತ್ತದೆ. ಕಂಕುಳಲ್ಲಿ ಕಾಲು ಅಗಲಿಸಿ ಕೂರಿಸಿಕೊಂಡರೆ ಲೋಕ ಕಾಣುತ್ತದೆ. ಕತ್ತು ಇನ್ನೂ ನಿಲ್ಲದಿದ್ದರೆ ಬೆನ್ನಿಗೂ ತಲೆಗೂ ಕೈ ಕೊಟ್ಟಿರಬೇಕು. ಒಂದು ದಿನ ಎಡಗಡೆ, ಒಂದು ದಿನ ಬಲಗಡೆ ಎತ್ತಿಕೊಳ್ಳಿ.

ಊಟದ ವಿಷಯ ಎಲ್ಲಕ್ಕಿಂತ ಮುಖ್ಯ. ಮಗುವನ್ನು ಅಂಗಾತ ಮಲಗಿಸಿ, ಮೂಗು ಹಿಡಿದು, ಒಳಲೆಯಲ್ಲಿ ರಾಗಿ ಸರಿ ಸುರಿಯುವ ಪದ್ಧತಿ ಕೆಲವು ಮನೆಗಳಲ್ಲಿ ಉಂಟು. ನುಂಗುವುದೇ ಕಷ್ಟವಾಗಿರುವ ಮಗುವಿಗೆ ಇದು ಪ್ರಾಣಾಪಾಯ. ಸರಿ ಶ್ವಾಸನಾಳಕ್ಕೆ ಇಳಿಯುತ್ತದೆ. ತಿಂಗಳು ತಿಂಗಳೂ ಕೆಮ್ಮು ಜ್ವರ ಬರುತ್ತದೆ. ಇಂತಹ ಎಷ್ಟೋ ಮಕ್ಕಳು ಹೋಗುವುದು ಈ ಎದೆಯ ಕಾಯಿಲೆಯಿಂದಲೇ. ಬೆನ್ನು ನೆಟ್ಟಗಿರಿಸಿ ಕೂರಿಸಿ, ಗದ್ದ ಎದೆಯ ಕಡೆ ಸ್ವಲ್ಪ ಬಾಗಿರಲಿ. ಸ್ವಲ್ಪ ಗಟ್ಟಿಯಾಗಿ ಕಲಸಿದ್ದನ್ನು ಚಿಕ್ಕ ಚಮಚೆಯಲ್ಲಿ ಕೊಟ್ಟು, ನುಂಗಿದ ಮೇಲೆ ಮತ್ತೊಂದು ಕೊಡಿ. ಅರ್ಧ ಗಂಟೆ ಹಿಡಿಯುತ್ತದೆ, ನಿಜ. ಆ ಅರ್ಧ ಗಂಟೆಯನ್ನು ತಂದೆಯೂ ಕೊಡಬಹುದು.

ಕೂರಲು ಗೋಡೆಯ ಮೂಲೆ ಸಾಕು. ಎರಡು ಕಡೆಯೂ ಆಸರೆ ಸಿಗುತ್ತದೆ, ಮುಂದೆ ಒಂದು ಮಣೆಯ ಮೇಲೆ ಬಳೆ, ಲೋಟ ಇಟ್ಟರೆ ಕೈ ಚಾಚುತ್ತದೆ. ನಿಂತು ನಡೆಯಲು ಯತ್ನಿಸುವ ಮಗುವಿಗೆ ಅಂಗಳದಲ್ಲಿ ಎರಡು ಬಿದಿರಿನ ಗಳಗಳನ್ನು ಮಗುವಿನ ಸೊಂಟದೆತ್ತರಕ್ಕೆ ಕಟ್ಟಬಹುದು. ಮೆಕ್ಸಿಕೋ ದೇಶದ ಅಜೋಯಾ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಅಂಗವಿಕಲರೇ ಸೇರಿ ಇಂತಹ ಸಲಕರಣೆಗಳನ್ನು ಮರ, ರಟ್ಟು, ಹಳೆಯ ಟೈರುಗಳಿಂದ ಮಾಡುತ್ತಿದ್ದರು. ಅವರೊಡನೆ ಕೆಲಸಮಾಡಿದ ಡೇವಿಡ್ ವರ್ನರ್ 1987ರಲ್ಲಿ ಹಳ್ಳಿಯ ಅಂಗವಿಕಲ ಮಕ್ಕಳನ್ನು ಕುರಿತು ಬರೆದ ಪುಸ್ತಕವನ್ನು ನಾನು ವಿದ್ಯಾರ್ಥಿಗಳಿಂದ ಓದಿಸುತ್ತೇನೆ. ಆದರೆ ಅಂಗಡಿಯಲ್ಲಿ ಸಿಗುವ, ಮಗುವನ್ನು ಒಳಗೆ ಕೂರಿಸುವ ಗಾಲಿಯ ವಾಕರನ್ನು ಕೊಳ್ಳಬೇಡಿ. ಕಾಲು ಬಿಗಿಯಿರುವ ಮಗು ಅದರಲ್ಲಿ ತುದಿಬೆರಳಿನ ಮೇಲೆ ತಳ್ಳಿಕೊಂಡು ಓಡಾಡುತ್ತದೆ, ಹಿಮ್ಮಡಿ ಊರುವುದನ್ನು ಕಲಿಯುವುದೇ ಇಲ್ಲ. ಒಂದು ಕೈ ಮಾತ್ರ ಆಡದ ಮಗುವಿಗೆ, ದಿನಕ್ಕೆ ಸ್ವಲ್ಪ ಹೊತ್ತು ಆಡುವ ಕೈಗೆ ಬಟ್ಟೆಯ ಚೀಲ ತೊಡಿಸಿ ಇನ್ನೊಂದು ಕೈಯಿಂದ ಆಡಿಸುವ ಕ್ರಮ ಉಂಟು. ಇದನ್ನು ಬಲ್ಲವರಿಂದ ಕಲಿತು ಮಾಡಬೇಕು.

ಗದರಿಸಬಾರದು, ಸುಳ್ಳು ಹೇಳಬಾರದು

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿಯ ಹತ್ತಿರದ ಒಂದು ಹಳ್ಳಿಯಲ್ಲಿ ಕೈಕಾಲು ಬಾರದ ಮಕ್ಕಳನ್ನು ಕತ್ತಿನವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರು. ಪತ್ರಿಕೆಗಳಲ್ಲಿ ಚಿತ್ರ ಬಂದಿತು; ಓದಿದವರೆಲ್ಲ ತಂದೆತಾಯಿಗಳನ್ನು ಬೈದರು. ಗ್ರಹಣದ ಮಣ್ಣಿನಿಂದ ಮಿದುಳಿನ ಪೆಟ್ಟು ವಾಸಿಯಾಗುವುದಿಲ್ಲ, ಮಗುವಿಗೆ ಭಯವೂ ಅಪಾಯವೂ ಆಗುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಬೇರೆ. ಮಗುವಿಗಾಗಿ ಏನನ್ನಾದರೂ ಮಾಡಲು ಸಿದ್ಧರಿರುವ ತಂದೆತಾಯಿಗಳು ಇವರು. ಮಗುವಿಗೆ ಆರು ತಿಂಗಳಾಗಿದ್ದಾಗ ಪಕ್ಕದಲ್ಲಿ ಕುಳಿತು ತಿಳಿಯುವಂತೆ ಹೇಳಿದವರು ಇರಲಿಲ್ಲ. ಆ ಕೊರತೆ ನಮ್ಮದು.

ಹಾಗೆಯೇ, "ಇದು ಪೂರ್ತಿ ವಾಸಿಯಾಗುತ್ತದೆಯೇ?" ಎಂದು ತಂದೆ ಕೇಳಿದಾಗ ಹೌದೆನ್ನುವ ವಿದ್ಯಾರ್ಥಿ ಆ ಮನೆಯವರನ್ನು ಸಾಲಕ್ಕೆ ನೂಕುತ್ತಾನೆ. ಮಿದುಳಿಗೆ ಬಿದ್ದ ಪೆಟ್ಟು ಹೋಗುವುದಿಲ್ಲ. ಅದು ಹೆಚ್ಚುವುದೂ ಇಲ್ಲ. ಆ ಪೆಟ್ಟಿನೊಡನೆ ಮಗು ಏನೇನು ಮಾಡಬಲ್ಲದು ಎಂಬುದೇ ನಮ್ಮ ಕೆಲಸದ ಕ್ಷೇತ್ರ. ವಾಸಿಮಾಡುತ್ತೇವೆಂದು ಲಕ್ಷಗಟ್ಟಲೆ ಕೇಳುವ ಚುಚ್ಚುಮದ್ದಿನವರು ಊರಿಗೆ ಬಂದರೆ, ಜಮೀನಿನ ಪತ್ರ ತೆಗೆಯುವ ಮೊದಲು ಸರ್ಕಾರಿ ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿ.

ಫಿಜಿಯೋಥೆರಪಿಯವರ ಕೈಗೆ ಮೀರಿದ ಸಂಗತಿಗಳೂ ಇವೆ. ಮೂರ್ಛೆ ಬಂದರೆ ವೈದ್ಯರ ಔಷಧಿಯೇ ಬೇಕು. ಕಾಲು ಬಿಗಿಯಿರುವ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ತೊಡೆಯ ಕೀಲು ಮೆಲ್ಲಗೆ ಜಾರುತ್ತದೆ, ಎಕ್ಸ್‌ರೇ ತೆಗೆಸಿ ನೋಡುತ್ತಿರಬೇಕು. ಚೆನ್ನಾಗಿ ಓಡಾಡಿಕೊಂಡಿದ್ದ ಗಂಡುಮಗು ನಾಲ್ಕೈದು ವರ್ಷಕ್ಕೆ ಪದೇ ಪದೇ ಬೀಳತೊಡಗಿ, ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ತಾನೇ ಕೈಯೂರಿ ಹತ್ತುವಂತೆ ಎದ್ದರೆ ಅದು ಮಿದುಳಿನದಲ್ಲ, ಮಾಂಸಖಂಡದ್ದೇ ಕಾಯಿಲೆ ಇರಬಹುದು. ಅಂತಹ ಮಗುವಿನಿಂದ ಬಲವಂತವಾಗಿ ವ್ಯಾಯಾಮ ಮಾಡಿಸಿದರೆ ಕೆಡುಕಾಗುತ್ತದೆ. ಕಲಿತದ್ದನ್ನು ಮರೆಯುತ್ತ ಬರುವ ಯಾವ ಮಗುವನ್ನೂ ತಡಮಾಡದೆ ವೈದ್ಯರಿಗೆ ತೋರಿಸಿ.

ಎಲ್ಲಿಗೆ ಹೋಗಬೇಕು?

ಆಶಾ ಕಾರ್ಯಕರ್ತೆ 3, 6, 9, 12 ಮತ್ತು 15ನೆಯ ತಿಂಗಳಲ್ಲಿ ಕೂಸನ್ನು ನೋಡಲು ಮನೆಗೆ ಬರುತ್ತಾಳೆ. ಆಗ ಮುಚ್ಚಿಡದೆ ಹೇಳಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವು ಅಂಗನವಾಡಿಗೂ ಶಾಲೆಗೂ ಬರುತ್ತದೆ. ಅವರು ಚೀಟಿ ಕೊಟ್ಟರೆ ಜಿಲ್ಲೆಯಲ್ಲಿ ಎಳೆಯ ಮಕ್ಕಳ ಕುಂದುಗಳನ್ನು ಬೇಗ ಉಪಚರಿಸಲು ಇರುವ ಡಿ.ಇ.ಐ.ಸಿ. ಎಂಬ ಕೇಂದ್ರದಲ್ಲಿ ತೋರಿಸಬಹುದು. ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಈ ಕಾಯಿಲೆಯೂ ಸೇರಿದೆ.

ವಿದ್ಯಾರ್ಥಿಗಳು ಊರಿಗೆ ಬರುವ ಸುದ್ದಿ ತಿಳಿದರೆ ಕೂಸಿಗೆ ಹಾಲು ಕುಡಿಸಿ, ನಿದ್ದೆ ಮುಗಿದಿರುವ ಹೊತ್ತಿಗೆ ಕರೆಯಿರಿ. ಸ್ವೆಟರು, ಕುಲಾವಿ ತೆಗೆದು ಚಾಪೆಯ ಮೇಲೆ ಮಲಗಿಸಿ. ತಾಯಿ ಕಾರ್ಡನ್ನು ಹುಡುಕಿ ಇಟ್ಟಿರಿ. ಹುಟ್ಟಿದಾಗಿನ ತೂಕ, ಎಷ್ಟನೆಯ ವಾರದ ಹೆರಿಗೆ ಎಂಬುದು ಅದರಲ್ಲಿರುತ್ತದೆ. ನೀರು ಹಾಕುವ ಅಜ್ಜಿ ಮನೆಯಲ್ಲೇ ಇರಲಿ. ಬಂದ ಹುಡುಗಿ ಐದು ನಿಮಿಷ ಏನೂ ಮಾಡದೆ ಕೂಸನ್ನೇ ನೋಡುತ್ತ ಕುಳಿತರೆ, ಇವಳಿಗೇನೂ ಬರುವುದಿಲ್ಲ ಎಂದುಕೊಳ್ಳಬೇಡಿ. ಹೊರಡುವಾಗ ಆಕೆ ತೋರಿಸಿಕೊಟ್ಟದ್ದನ್ನು ಅವಳ ಎದುರಿಗೇ ನೀವು ಒಮ್ಮೆ ಮಾಡಿ ತೋರಿಸಿ. ಮತ್ತೆ ಯಾವ ದಿನ ಬರುತ್ತೀಯಮ್ಮ ಎಂದು ಕೇಳಿ, ಆ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಸಿಕೊಳ್ಳಿ.